ಸೊನ್ನೆ ಬರೆಯೋಕೆ ನಾಚಿಕೊಳ್ಳೋರು ಗಿಡುಗ ಎಣಿಸಬೇಡಿ

ವಲಸೆ ಹೋಗೋ ಗಿಡುಗಗಳನ್ನ ಎಣಿಸೋ ಬೆಟ್ಟದಿಂದ ಇಳಿದು ಬಂದವರನ್ನ ಎಲ್ಲರೂ ಕೇಳೋದು ಒಂದೇ: "ಇವತ್ತು ಎಷ್ಟು ಕಂಡ್ವು?" ಮುನ್ನೂರು ಅಂದ್ರೆ ಭಲೇ ಅಂತಾರೆ, ಮೂರು ಅಂದ್ರೆ ಅಯ್ಯೋ ಪಾಪ ಅಂತಾರೆ. ಎಷ್ಟು ಗಂಟೆ ನೋಡಿದ್ರಿ, ಗಾಳಿ ಯಾವ ಕಡೆಯಿಂದ ಬೀಸ್ತಿತ್ತು, ಎಷ್ಟು ಜನ ನೋಡ್ತಿದ್ರಿ ಅಂತ ಕೇಳೋರು ಅಪರೂಪ. ಈ ಮೂರೂ ಇಲ್ಲದ ಮುನ್ನೂರನ್ನ ನಾನು ಲೆಕ್ಕ ಅನ್ನಲ್ಲ, ಜಂಬ ಅಂತೀನಿ.

ಉದಾಹರಣೆಗೆ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿರೋ ಹಾಕ್ ಮೌಂಟನ್ ಬೆಟ್ಟ ತಗೊಳ್ಳಿ. ಒಂದು ಕಾಲದಲ್ಲಿ ಜನ ಅಲ್ಲಿ ಸಾಲಾಗಿ ನಿಂತು ಗಿಡುಗಗಳನ್ನ ಗುಂಡಿಟ್ಟು ಉರುಳಿಸ್ತಿದ್ರು. 1934ರಲ್ಲಿ ಹಕ್ಕಿಗಳ ಪರ ಹೋರಾಡ್ತಿದ್ದ ರೊಸಾಲಿ ಎಡ್ಜ್ ಆ ಬೆಟ್ಟವನ್ನ ಗುತ್ತಿಗೆಗೆ ತಗೊಂಡು ಮಾರಿಸ್ ಬ್ರೌನ್ ಅವರನ್ನ ಕಾವಲಿಗೆ ಹಾಕಿದ್ರು. ಕಾವಲಿನ ಜೊತೆಗೇ ಎಣಿಕೆಯೂ ಶುರುವಾಯ್ತು. 1935ರಿಂದ 39ರವರೆಗೆ ಕಂಡ ಬೋಳು ಹದ್ದುಗಳಲ್ಲಿ ಶೇಕಡಾ 40 ಎಳೆಯವು. 1955ರಿಂದ 59ರ ಹೊತ್ತಿಗೆ ಅದು ಶೇಕಡಾ 20ಕ್ಕೆ ಇಳಿದಿತ್ತು, ಅಂದ್ರೆ ಮರಿಗಳೇ ಕಡಿಮೆಯಾಗ್ತಿದ್ವು. 1962ರಲ್ಲಿ ಲೇಖಕಿ ರೇಚಲ್ ಕಾರ್ಸನ್ ಡಿಡಿಟಿ ಕೀಟನಾಶಕದ ವಿರುದ್ಧ ವಾದ ಮಂಡಿಸಿದಾಗ ಈ ಅಂಕಿಗಳನ್ನೂ ಮುಂದಿಟ್ರು. ಹಾಳೆಯಲ್ಲಿ ವಯಸ್ಸಿಗೆ ಅಂತ ಒಂದು ಕಾಲಂ ಇಲ್ಲದೇ ಹೋಗಿದ್ರೆ ಆ ಸಾಕ್ಷಿಯೇ ಇರ್ತಿರಲಿಲ್ಲ.

ಅದು ಶರತ್ಕಾಲದ ಎಣಿಕೆಯ ಕಥೆ, ಹೆಸರು ಮಾಡಿರೋದೂ ಅದೇ. ಆಗ ಹಕ್ಕಿ ದಕ್ಷಿಣಕ್ಕೆ ಹೋಗುತ್ತೆ, ವಸಂತದಲ್ಲಿ ಉತ್ತರಕ್ಕೆ ಮರಳುತ್ತೆ. ಈ ವಸಂತದ ಎಣಿಕೆ ಅಲ್ಲಿ ನಡೆಯೋದು ಏಪ್ರಿಲ್ 1ರಿಂದ ಮೇ 15ರವರೆಗೆ. ಸಿಗೋ ಹಕ್ಕಿ ಶರತ್ಕಾಲದ ಹತ್ತನೇ ಒಂದು ಭಾಗವೂ ಇರಲ್ಲ. ಶರತ್ಕಾಲದಲ್ಲಿ ವಾಯವ್ಯದ ಗಾಳಿ ಹಾಕ್ ಮೌಂಟನ್ ಇರೋ ಕಿಟ್ಟಟಿನ್ನಿ ಬೆಟ್ಟಸಾಲಿಗೆ ಬಡಿದು ಮೇಲೇಳುತ್ತೆ, ಹಕ್ಕಿ ರೆಕ್ಕೆ ಬಡಿಯದೇ ಅದರ ಮೇಲೆ ಜಾರ್ತಾ ಸಾಲಿಗೆ ಅಂಟಿಕೊಂಡೇ ಬರುತ್ತೆ. ವಸಂತದಲ್ಲಿ ದಕ್ಷಿಣದ ಬೆಚ್ಚನೆ ಗಾಳಿ. ಬಿಸಿಲಿಗೆ ಕಾದ ಹೊಲಗಳಿಂದಲೇ ಥರ್ಮಲ್, ಅಂದ್ರೆ ಮೇಲೇರೋ ಬಿಸಿಗಾಳಿಯ ಕಂಬ, ಏಳೋದ್ರಿಂದ ಹಕ್ಕಿಗೆ ಬೆಟ್ಟದ ಹಂಗು ಬೇಕಿಲ್ಲ, ನಾಡಿನುದ್ದಗಲಕ್ಕೂ ಚದುರಿ ಹೋಗುತ್ತೆ. ಜೊತೆಗೆ, ಹೋದ ವರ್ಷದ ಮರಿಗಳಲ್ಲಿ ಎಷ್ಟೋ ಚಳಿಗಾಲ ದಾಟಿರಲ್ಲ. ನನ್ನ ಪ್ರಕಾರ ವಸಂತದ ಎಣಿಕೆಗೆ ಬೆಲೆ ಇರೋದೇ ಇಲ್ಲಿ: ಈಗ ಹಾದುಹೋಗ್ತಿರೋದು ಬದುಕಿ ಉಳಿದು ಗೂಡಿಗೆ ಹೊರಟ ಹಕ್ಕಿ.

ಆದ್ರೆ ವಸಂತದಲ್ಲಿ ತಪ್ಪುವ ದಾರಿಗಳೂ ಜಾಸ್ತಿ. ಮೊದಲನೇದು ಸೂರ್ಯ. ಹಕ್ಕಿ ಬರೋದು ದಕ್ಷಿಣದಿಂದ, ಹಾಗಾಗಿ ನಡುಹಗಲೆಲ್ಲ ಬಿಸಿಲು ಮುಖಕ್ಕೇ. ಬಣ್ಣ ಏನೂ ತಿಳಿಯಲ್ಲ, ಕಪ್ಪು ಆಕಾರ ಅಷ್ಟೇ. ರೆಕ್ಕೆ ವಿ ಆಕಾರಕ್ಕೆ ಎತ್ತಿ ಓಲಾಡ್ತಾ ಬಂದ್ರೆ ಟರ್ಕಿ ವಲ್ಚರ್ ಅನ್ನೋ ರಣಹದ್ದು, ಹಲಗೆ ಥರ ಚಪ್ಪಟೆಯಾಗಿ ಹಿಡಿದಿದ್ರೆ ಬೋಳು ಹದ್ದು, ಮಣಿಕಟ್ಟಿನಲ್ಲಿ ಬಾಗಿ ಎಂ ಥರ ಕಂಡ್ರೆ ಮೀನು ಹಿಡಿಯೋ ಆಸ್ಪ್ರೇ. ಒಂದೇ ಥರ ಕಾಣೋ ಶಾರ್ಪ್-ಶಿನ್ಡ್ ಮತ್ತು ಕೂಪರ್ಸ್ ಹಾಕ್ ಗಿಡುಗಗಳನ್ನ ಬೇರ್ಪಡಿಸೋಕೆ ತಲೆ ನೋಡಿ: ಕೂಪರ್ಸ್‌ದು ರೆಕ್ಕೆಯ ಮುಂಗೆರೆ ದಾಟಿ ಚಾಚಿರುತ್ತೆ, ಶಾರ್ಪ್-ಶಿನ್ಡ್‌ದು ಹುದುಗಿದ ಹಾಗಿರುತ್ತೆ. ಆಗಲೂ ಗೊತ್ತಾಗದಿದ್ರೆ "ಗುರುತಾಗಲಿಲ್ಲ" ಅಂತ ಬರೆಯಿರಿ, ಆ ಕಾಲಂ ಇರೋದೇ ಅದಕ್ಕೆ.

ಎರಡನೇದು ಸ್ಥಳೀಯ ಹಕ್ಕಿಗಳು. ಏಪ್ರಿಲ್‌ನಲ್ಲಿ ಅಲ್ಲಿನ ರೆಡ್-ಟೇಲ್ ಗಿಡುಗಗಳು ಆಗಲೇ ಗೂಡು ಹಿಡಿದಿರುತ್ತವೆ. ಕಾಲು ಇಳಿಬಿಟ್ಟು ತೇಲೋದು, ಕಡ್ಡಿ ಹೊತ್ತು ಹೋಗೋದು, ಇನ್ನೊಂದನ್ನ ಓಡಿಸೋದು, ಇದೆಲ್ಲ ಮನೆ ಇರೋ ಹಕ್ಕಿಯ ಲಕ್ಷಣ. ದಕ್ಷಿಣದಿಂದ ಬಂದು, ನೀವು ಮನಸ್ಸಲ್ಲೇ ಎಳೆದುಕೊಂಡ ಗೆರೆ ದಾಟಿ, ಉತ್ತರಕ್ಕೆ ಕಣ್ಮರೆಯಾದ ಹಕ್ಕಿಯನ್ನ ಮಾತ್ರ ಎಣಿಸಿ. ಅದು ಹೋಗೋತನಕ ಕಣ್ಣಲ್ಲೇ ಹಿಂಬಾಲಿಸಬೇಕು. ಇಷ್ಟು ಮಾಡದೇ ಇದ್ರೆ ಒಂದೇ ಜೋಡಿ ಸಂಜೆಯೊಳಗೆ ಇಪ್ಪತ್ತು ಹಕ್ಕಿ ಆಗಿಬಿಡುತ್ತೆ.

ಮೂರನೇದು ಕೆಟಲ್, ಅಂದ್ರೆ ಒಟ್ಟಿಗೆ ಸುತ್ತುತ್ತಾ ಏರೋ ಹಕ್ಕಿಗಳ ಗುಂಪು. ಏಪ್ರಿಲ್ ಕೊನೆಯ ಹತ್ತು ದಿನ ಬ್ರಾಡ್-ವಿಂಗ್ಡ್ ಗಿಡುಗಗಳು ಗುಂಪಾಗಿ ಬಂದು ಒಂದೇ ಥರ್ಮಲ್‌ನಲ್ಲಿ ಸುತ್ತುತ್ತಾ ಏರುತ್ತವೆ. ಸುತ್ತುವಾಗ ಎಣಿಸೋಕೆ ಹೋದ್ರೆ ಒಂದನ್ನೇ ಮೂರು ಸಲ ಎಣಿಸ್ತೀರಿ. ಕಾಯಿರಿ. ತುದಿ ಮುಟ್ಟಿದ ಮೇಲೆ ರೆಕ್ಕೆ ಮಡಚಿ, ಒಂದರ ಹಿಂದೆ ಒಂದು, ಉತ್ತರಕ್ಕೆ ಜಾರೋಕೆ ಶುರುಮಾಡುತ್ತವೆ. ಆಗ ದುರ್ಬೀನನ್ನ ಆ ಸಾಲಿನ ಒಂದು ಬಿಂದುವಿನಲ್ಲಿ ನಿಲ್ಲಿಸಿ, ಹಾದುಹೋಗೋ ಪ್ರತಿ ಹಕ್ಕಿಗೂ ಎಣಿಸೋ ಕ್ಲಿಕ್ಕರ್ ಒತ್ತಿ. ಒಬ್ಬರು ಸಾಲು ಹಿಡಿದ್ರೆ ಇನ್ನೊಬ್ಬರು ಕೆಳಗಿನಿಂದ ಹೊಸದಾಗಿ ಸೇರೋವನ್ನ ನೋಡ್ತಿರಬೇಕು.

ಮೋಡವಿಲ್ಲದ ನೀಲಿ ಆಕಾಶವನ್ನ ಒಳ್ಳೇ ದಿನ ಅಂತ ನಂಬಬೇಡಿ. ಬರೀ ನೀಲಿಯಲ್ಲಿ ಕಣ್ಣಿಗೆ ಹಿಡಿತ ಸಿಗಲ್ಲ, ಎತ್ತರದ ಹಕ್ಕಿ ತಪ್ಪಿಹೋಗುತ್ತೆ. ಬಿಳಿ ಮೋಡದ ಅಂಚು ಹುಡುಕಿ. 8x42 ಅಥವಾ 10x42 ದುರ್ಬೀನನ್ನ ಮೊದಲು ದೂರದ ದಿಬ್ಬಕ್ಕೆ ಫೋಕಸ್ ಮಾಡಿ, ಆಮೇಲೆ ಮೇಲೆತ್ತಿ.

ಇನ್ನು ಹಾಳೆ. ಉತ್ತರ ಅಮೆರಿಕದ ಗಿಡುಗ ವಲಸೆ ಸಂಘ ಶುರುವಾದದ್ದು 1974ರಲ್ಲಿ. ಅದರ ನಮೂನೆಯಲ್ಲಿ ಗಂಟೆಗೊಂದು ಸಾಲು. ಗಾಳಿ, ಉಷ್ಣಾಂಶ, ಮೋಡ, ಎಷ್ಟು ದೂರ ಕಾಣುತ್ತೆ, ನೋಡುಗರು ಎಷ್ಟು, ಹಕ್ಕಿ ಎಷ್ಟು ಎತ್ತರದಲ್ಲಿ, ಎಲ್ಲವೂ ಬೇಕು. ಎತ್ತರಕ್ಕೆ ಕೋಡ್ ಇದೆ: ಕಣ್ಣಿನ ಮಟ್ಟಕ್ಕಿಂತ ಕೆಳಗಿದ್ರೆ 0, ಬರಿಗಣ್ಣಿಗೆ ಕಾಣದೆ ದುರ್ಬೀನಿಗೆ ಮಾತ್ರ ಸಿಕ್ರೆ 4. ಸಮಯ ಮಾತ್ರ ಸ್ಟ್ಯಾಂಡರ್ಡ್ ಟೈಮ್‌ನಲ್ಲೇ. ಮಾರ್ಚ್‌ನಲ್ಲಿ ಅಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತಲ್ಲ, ಫೋನಿನಲ್ಲಿ 9 ಅಂತಿದ್ರೆ ಹಾಳೆಯಲ್ಲಿ 8. ನ್ಯೂಜೆರ್ಸಿ, ಫಿಲಡೆಲ್ಫಿಯಾ ಕಡೆಯ ಕನ್ನಡಿಗರು ಯಾರಾದ್ರೂ ಸ್ವಯಂಸೇವಕರಾಗಿ ಹೋಗೋದಾದ್ರೆ ಇದನ್ನ ಮೊದಲು ತಲೆಗೆ ಹಾಕ್ಕೊಳ್ಳಿ.

ಹಕ್ಕಿ ಬರದ ಗಂಟೆಗೂ ಸಾಲು ಇರಲೇಬೇಕು, ಅಲ್ಲಿ ಸೊನ್ನೆ ಬರೀಬೇಕು. ಆರು ಗಂಟೆಯಲ್ಲಿ 300 ಅಂದ್ರೆ ಗಂಟೆಗೆ 50. ಖಾಲಿ ಹೋದ ನಾಲ್ಕು ಗಂಟೆ ಸೇರಿಸಿದ್ರೆ ಅದೇ 300 ಗಂಟೆಗೆ 30. ಆ ನಾಲ್ಕು ಸಾಲು ಬಿಟ್ಟೋರು ಹಕ್ಕಿ ಹೆಚ್ಚಾಗಿದೆ ಅಂತ ಸುಳ್ಳು ಹೇಳಿದ ಹಾಗೇ, ಉದ್ದೇಶ ಎಷ್ಟೇ ಒಳ್ಳೇದಿರಲಿ. ಗಾಳಿ ಚೆನ್ನಾಗಿದ್ದ ದಿನ ಮಾತ್ರ ಬೆಟ್ಟ ಹತ್ತೋದೂ ಇದೇ ಮೋಸ.

ನಮ್ಮ ಕಡೆ ನಂದಿ ಬೆಟ್ಟದ ಮೇಲೆ ಕೂತು ಹೀಗೇ ಎಣಿಸಬಹುದಾ? ಚಳಿಗಾಲಕ್ಕೆ ಬರೋ ಹ್ಯಾರಿಯರ್ ಅನ್ನೋ ಹುಲ್ಲುಗಾವಲಿನ ಬೇಟೆ ಹಕ್ಕಿಗಳ ಮಟ್ಟಿಗೆ ನನಗೆ ಭರವಸೆ ಇಲ್ಲ. ಮಧ್ಯ ಏಷ್ಯಾ ಕಡೆ ಹೊರಟಾಗ ಅವು ಬಯಲಿನ ಮೇಲೆ ಚದುರಿ ಹೋಗ್ತವೆ, ಒಂದು ಬೆಟ್ಟಕ್ಕೆ ಬಂದು ಸೇರಲ್ಲ. ಅದಕ್ಕಿಂತ ಬೆಂಗಳೂರಿನ ಹತ್ತಿರದ ಹೆಸರಘಟ್ಟದಂಥ ಹುಲ್ಲುಗಾವಲಿನಲ್ಲಿ, ಅವು ರಾತ್ರಿ ನೆಲದ ಮೇಲೆ ತಂಗೋ ಜಾಗದ ಹೊರಗೆ, ಸೂರ್ಯ ಮುಳುಗೋಕೆ ಒಂದೂವರೆ ಗಂಟೆ ಮೊದಲೇ ಕೂರಿ. ಹುಲ್ಲಿನೊಳಗೆ ಕಾಲಿಡಬೇಡಿ. ಇಳಿಯೋವನ್ನ ಕೂಡಿ, ಮತ್ತೆ ಎದ್ದು ಹೋಗೋವನ್ನ ಕಳೆಯಿರಿ, ಫೆಬ್ರವರಿಯಿಂದ ಏಪ್ರಿಲ್‌ವರೆಗೆ ವಾರಕ್ಕೊಮ್ಮೆ ಅದೇ ಜಾಗದಿಂದ. ಮುಸ್ಸಂಜೆಯಲ್ಲಿ ಪ್ಯಾಲಿಡ್ ಮತ್ತು ಮಾಂಟೆಗ್ಯೂ ಹ್ಯಾರಿಯರ್‌ಗಳ ಹೆಣ್ಣು, ಮರಿಗಳನ್ನ ಬೇರ್ಪಡಿಸೋಕೆ ಹೋಗಬೇಡಿ. "ರಿಂಗ್‌ಟೇಲ್" ಅಂತ ಒಂದೇ ಕಾಲಂ ಸಾಕು. ಅಂದಾಜಿಗೆ ಅರ್ಧ ಇದಕ್ಕೆ, ಅರ್ಧ ಅದಕ್ಕೆ ಅಂತ ಹಂಚಿದ್ರೆ ಆಮೇಲೆ ಅದನ್ನ ಯಾರಿಂದಲೂ ಸರಿಮಾಡೋಕಾಗಲ್ಲ.