ಅಜ್ಜಿ ತೆಗೆದಿಟ್ಟ ಹಿಡಿ ಜೋಳ

ಕೇಳುಗರಿಗೆ ಶರಣು ಶರಣಾರ್ಥಿ.

ಬಾಗಲಕೋಟೆ, ವಿಜಯಪುರದ ಹಳ್ಳಿಗಳಲ್ಲಿ ಹಿಂದಿನ ಅಜ್ಜಿಯರ ದಿನ ಅಂಗೈಯ ಇಷ್ಟಲಿಂಗದಿಂದ ಶುರುವಾಗುತ್ತಿತ್ತು. ಪೂಜೆ ಮುಗಿಸಿ ಎದ್ದು, ಬೀಸಲಿಕ್ಕೆ ಜೋಳ ಅಳೆಯುವಾಗ ಮೊದಲ ಹಿಡಿಯನ್ನು ಬೇರೆ ಗಡಿಗೆಗೆ ಹಾಕುತ್ತಿದ್ದರು. ಆ ಗಡಿಗೆ ಮನೆಯವರದಲ್ಲ. ಜೋಳಿಗೆ ಹಿಡಿದು ಬರುವ ಜಂಗಮರದು, ಜಾತ್ರೆಯ ದಾಸೋಹದ್ದು, ಯುಗಾದಿಗೆ ಮುಂಚೆ ಮಲ್ಲಯ್ಯನ ಕಂಬಿ, ಅಂದರೆ ಹೆಗಲ ಕಾವಡಿ, ಹೊತ್ತು ಶ್ರೀಶೈಲಕ್ಕೆ ನಡೆಯುವವರದು. ಮನೆಯಲ್ಲಿ ಎಷ್ಟೇ ತಾಪತ್ರಯವಿರಲಿ, ಆ ಗಡಿಗೆಗೆ ಕೈ ಹಾಕುವಂತಿರಲಿಲ್ಲ.

ಹೆಣ್ಣುಮಕ್ಕಳ ಹಿಡಿಯಲ್ಲಿ ಸುಮಾರು 50 ಗ್ರಾಂ ಜೋಳ ಹಿಡಿಯುತ್ತದೆ. ದಿನಕ್ಕೊಂದು ಹಿಡಿಯಾದರೆ ವರ್ಷಕ್ಕೆ 18 ಕೆಜಿ. ಒಂದು ರೊಟ್ಟಿಗೆ 70 ಗ್ರಾಂ ಹಿಟ್ಟು ಹಿಡಿದರೂ 250 ರೊಟ್ಟಿಗೆ ಮೋಸವಿಲ್ಲ. ಅಕ್ಷರ ಬಾರದ ಅಜ್ಜಿಗೂ ಈ ಲೆಕ್ಕ ಗಡಿಗೆಯ ಭಾರ ನೋಡಿಯೇ ತಿಳಿಯುತ್ತಿತ್ತು.

ಅವರು ತೆಗೆದಿಡುತ್ತಿದ್ದುದು ಹಿಟ್ಟನ್ನಲ್ಲ, ಕಾಳನ್ನು. ಬೀಸಿದ ಹಿಟ್ಟು ದಿನ ಕಳೆದಂತೆ ಜಿಗಿ ಕಳೆದುಕೊಳ್ಳುತ್ತದೆ, ರೊಟ್ಟಿ ಬಡಿಯುವಾಗ ಅಂಚು ಸೀಳುತ್ತದೆ. ಹಿಂಗಾರಿಯ ಮಾಲದಂಡಿ ಬಿಳಿಜೋಳವನ್ನು ಬಿಸಿಲಿಗೆ ಹರವಿ, ಪೂರ್ತಿ ಆರಿಸಿ, ನೆರಳಲ್ಲಿ ಒಣಗಿಸಿದ ಬೇವಿನ ಎಲೆ ಬೆರೆಸಿ ತುಂಬಬೇಕು. ಬಿಸಿ ಆರುವ ಮೊದಲೇ ತುಂಬಿ ಬಾಯಿ ಕಟ್ಟಿದರೆ ಒಳಗೆ ಬೆವರು ಕಟ್ಟುತ್ತದೆ, ಅದರ ಹಿಂದೆಯೇ ನುಸಿ ಬರುತ್ತದೆ. ದಾಸೋಹ ಹತ್ತಿರ ಬಂದಾಗ, ಬೇಕಾದಷ್ಟನ್ನೇ ಬೀಸಿಸಬೇಕು.

ಈಗ ರೊಟ್ಟಿ. ಇದನ್ನು ನಿಧಾನವಾಗಿ ಹೇಳಬೇಕು, ಏಕೆಂದರೆ ಇದು ಕೈಯಿಂದ ಕೈಗೆ ಬಂದ ವಿದ್ಯೆ, ಇವತ್ತು ಅನೇಕ ಮನೆಗಳಲ್ಲಿ ನಿಂತೇಹೋಗಿದೆ.

ಗೋಧಿಯಲ್ಲಿರುವ ಅಂಟು ಜೋಳದಲ್ಲಿಲ್ಲ. ಕುದಿಯುವ ಎಸರು ಬಿದ್ದಾಗ ಹಿಟ್ಟಿನ ಪಿಷ್ಟ ಬೆಂದು ಜಿಗಿ ಬರುತ್ತದೆ. ಎಸರು ಬರೀ ಬೆಚ್ಚಗಿದ್ದರೆ ಎಷ್ಟು ನಾದಿದರೂ ವ್ಯರ್ಥ. ಒಂದು ಕೆಜಿ ಹಿಟ್ಟಿಗೆ ಮುಕ್ಕಾಲು ಲೀಟರ್ ಎಸರು ಹಾಕಿ ಕಲಸಿ, ಆಮೇಲೆ ತಣ್ಣೀರು ಚಿಮುಕಿಸುತ್ತ ಅಂಗೈಯ ಬುಡದಿಂದ ನಾದಬೇಕು. ಎಲ್ಲವನ್ನೂ ಒಮ್ಮೆಗೇ ನಾದಿಡಬೇಡಿ, ಎರಡು ಮೂರು ರೊಟ್ಟಿಗಾಗುವಷ್ಟೇ ಸಾಕು. ಕಾದು ಕೂತ ಹಿಟ್ಟು ಮೇಲೆ ಒಣಗಿ ಬಿರಿಯುತ್ತದೆ.

ಬಡಿಯುವಾಗ ನಡುವೆ ತೆಳ್ಳಗೆ, ಅಂಚು ದಪ್ಪ ಆಗುವುದು ಹೊಸಬರ ತಪ್ಪು. ದಿನದ ರೊಟ್ಟಿಗೆ ಅದು ನಡೆದೀತು, ಬುತ್ತಿಗೆ ನಡೆಯುವುದಿಲ್ಲ. ದಪ್ಪ ಅಂಚಿನಲ್ಲಿ ನೀರು ಉಳಿಯುತ್ತದೆ, ಬೂಸು ಅಲ್ಲಿಂದಲೇ ಹಿಡಿಯುತ್ತದೆ. ಹಂಚಿಗೆ ಹಾಕಿದ ಕೂಡಲೇ ಮೇಲಿನ ಒಣಹಿಟ್ಟಿನ ಮೇಲೆ ಒದ್ದೆ ಅರಿವೆ ಆಡಿಸಬೇಕು. ತಡವಾದರೆ ಮೇಲ್ಮೈ ಒಣಗಿ ಸೀಳು ಬಿಡುತ್ತದೆ, ರೊಟ್ಟಿ ಉಬ್ಬುವುದಿಲ್ಲ.

ಎರಡೂ ಮಗ್ಗಲು ಬೆಂದರೆ ಮೆತ್ತನೆಯ ರೊಟ್ಟಿ. ಬಿಸಿಲುಗಾಲದಲ್ಲಿ ಅದು ಒಂದೆರಡು ದಿನ ಉಳಿದರೆ ಹೆಚ್ಚು. ದಾರಿಯ ಬುತ್ತಿಗೆ ಬೇಕಾದದ್ದು ಕಟಕ ರೊಟ್ಟಿ. ತೊಗರಿ ಕಟ್ಟಿಗೆಯ ಉರಿ ಇಳಿದ ಮೇಲೆ, ಬೆಂದ ರೊಟ್ಟಿಯನ್ನು ಒಲೆಯ ಬಾಯಿಗೆ ಆನಿಸಿ ನಿಲ್ಲಿಸಿ ಕೆಂಡದ ಕಾವಿನಲ್ಲಿ ಒಣಗಿಸುತ್ತಾರೆ. ಅವಸರಕ್ಕೆ ಉರಿ ಏರಿಸಿದರೆ ಹೊರಗೆ ಕರಿಯಾಗುತ್ತದೆ, ಒಳಗೆ ಹಸಿ ಉಳಿಯುತ್ತದೆ. ಮುರಿದರೆ ಚಟ್ಟನೆ ಸದ್ದಾಗಬೇಕು, ಬಾಗಿದರೆ ಇನ್ನೂ ನೀರಿದೆ. ಆಮೇಲೆ ಧೋತರದ ಮೇಲೆ ಬಿಡಿಬಿಡಿಯಾಗಿ ಹರವಿ, ಪೂರ್ತಿ ಆರಿದ ಮೇಲೆ ಬುಟ್ಟಿಗೆ. ಬಿಸಿಯಿರುವಾಗ ಪ್ಲಾಸ್ಟಿಕ್ ಚೀಲಕ್ಕೆ ತುಂಬಿದರೆ ಅಷ್ಟೂ ಹೊತ್ತಿನ ಕಾಯಕ ಬೆವರಿಗೆ ಹೋಯಿತು.

ಜೊತೆಗೆ ಗುರೆಳ್ಳು ಹಿಂಡಿ, ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ. ಗುರೆಳ್ಳನ್ನು ಸಣ್ಣ ಉರಿಯಲ್ಲೇ ಹುರಿಯಿರಿ, ಹೊತ್ತಿದರೆ ಕಹಿ. ಶೇಂಗಾದಲ್ಲಿ ಎಣ್ಣೆ ಹೆಚ್ಚು, ಬೇಗ ಕಮಟಾಗುತ್ತದೆ. ಅದನ್ನು ದಾಸೋಹಕ್ಕೆ ಮುಂಚಿನ ಕೊನೆಯ ವಾರದಲ್ಲಿ ಕುಟ್ಟಿದರೆ ಸಾಕು.

ಊಟ ಬಡಿಸುವುದಕ್ಕೆ ಮುಂಚೆ ಅಜ್ಜಿಯರು ಇನ್ನೊಂದು ಸೇವೆ ಮಾಡುತ್ತಿದ್ದರು. ನಡೆದು ದಣಿದವರ ಕಾಲಿಗೆ ಉಗುರುಬೆಚ್ಚಗಿನ ನೀರು, ಬಕೆಟ್ಟಿಗೆ ಒಂದು ಹಿಡಿ ಉಪ್ಪು. ಸುಡುವ ನೀರು ಬೇಡ, ಬೊಬ್ಬೆಯೆದ್ದ ಚರ್ಮ ಕಿತ್ತು ಬರುತ್ತದೆ. ಬೊಬ್ಬೆಯನ್ನು ಒಡೆಯಲೂ ಬಾರದು, ಮೇಲಿನ ಚರ್ಮವೇ ಅದಕ್ಕೆ ಮುಚ್ಚಳ. ಕಾಲು ತೊಳೆಸಿಕೊಳ್ಳುವವರ ಊರು ಕೇಳಬಹುದು, ಕುಲ ಕೇಳುವಂತಿಲ್ಲ. ಕೂಡಲಸಂಗಮದ ನೆಲದಲ್ಲಿ ದಾಸೋಹದ ಅರ್ಥವೇ ಅದು.

ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ 2023ರ ಜನವರಿ 2ರಂದು ಲಿಂಗೈಕ್ಯರಾದರು. ತಮಗೆ ಸ್ಮಾರಕ ಬೇಡವೆಂದು ಮೊದಲೇ ಬರೆದಿಟ್ಟಿದ್ದರು. ನಮ್ಮ ಅಜ್ಜಿಯರಿಗೂ ಸ್ಮಾರಕ ಬೇಕಿಲ್ಲ. ಅಜ್ಜಿಯ ಪುಣ್ಯತಿಥಿಗೆ ನೂರು ರೊಟ್ಟಿ ಬಡಿದು ಹತ್ತಿರದ ಮಠಕ್ಕೆ ಮುಟ್ಟಿಸಿ ಎಂದು ಕೈಮುಗಿದು ಕೇಳುತ್ತೇನೆ. ಏಳು ಕೆಜಿ ಹಿಟ್ಟು ಬೇಕು. ಒಬ್ಬರಿಂದ ಆಗದು, ಬಡಿಯಲು ಇಬ್ಬರು, ಬೇಯಿಸಲು ಒಬ್ಬರು, ಒಣಗಿಸಲು ಇನ್ನೊಬ್ಬರು. ಒಣಗಿಸುವ ಜಾಗದಲ್ಲಿ ಮನೆಯ ಹಿರಿಯರನ್ನೇ ಕೂರಿಸಿ, ಕೆಂಡದ ಹದ ಅವರಿಗೇ ಗೊತ್ತು.

ದಾಸೋಹ ಮುಗಿದ ಮೇಲೆ ಖಾಲಿ ಗಡಿಗೆಯನ್ನು ತೊಳೆದು, ಎರಡು ದಿನ ಬಿಸಿಲಿಗೆ ಬೋರಲು ಹಾಕಬೇಕು. ಅಷ್ಟರಲ್ಲಿ ಹೊಸ ಜೋಳ ಕಣದಿಂದ ಮನೆಗೆ ಬಂದಿರುತ್ತದೆ. ಮೊದಲ ಹಿಡಿ ಅದಕ್ಕೇ.