ಯಾರ ಎಡ, ಯಾರ ಬಲ?

ಕೇಳುಗರಿಗೆಲ್ಲ ನಮಸ್ಕಾರ. ಮೊನ್ನೆ ದಾವಣಗೆರೆ ಹತ್ತಿರದ ಹಳ್ಳಿಯ ರೈತರೊಬ್ಬರು ನನ್ನ ಕ್ಲಿನಿಕ್ಕಿಗೆ ಬಂದರು. ಎದೆಯ ಎಕ್ಸ್‌ರೇಯನ್ನು ಕಿಟಕಿ ಬೆಳಕಿಗೆ ಹಿಡಿದು, 'ಡಾಕ್ಟ್ರೇ, ನನ್ನ ಹೃದಯ ಬಲಗಡೆ ಐತಲ್ರೀ!' ಅಂದರು. ಪಾಪ, ನಿಜಕ್ಕೂ ಗಾಬರಿಯಾಗಿದ್ದರು.

ಹೃದಯ ಇರಬೇಕಾದ ಕಡೆಯೇ ಇತ್ತು. ಎಕ್ಸ್‌ರೇ ನೋಡುವಾಗ ರೋಗಿ ನಮ್ಮೆದುರು ನಿಂತಿದ್ದಾರೆ ಅಂದುಕೊಳ್ಳಬೇಕು. ಆಗ ಅವರ ಎಡ ನಮ್ಮ ಬಲಕ್ಕೆ ಬರುತ್ತದೆ. ವೈದ್ಯರ ಬಾಯಲ್ಲಿ ಎಡ-ಬಲ ಯಾವಾಗಲೂ ರೋಗಿಯದು, ನೋಡುವವರದಲ್ಲ.

'ಓ, ನಮ್ಮ ಭದ್ರಾ ಬಲದಂಡೆ ನಾಲೆ ಇದ್ದಂಗೆ' ಅಂದರು ಅವರು. ಇಷ್ಟು ವರ್ಷದಲ್ಲಿ ನನಗೇ ಹೊಳೆದಿರಲಿಲ್ಲ! ನೀವು ಎಲ್ಲಿ ನಿಂತರೂ ಬಲದಂಡೆ ಬಲದಂಡೆಯೇ. ಹೊಳೆ ಹರಿಯುವ ಕಡೆಗೆ ಮುಖ ಮಾಡಿದಾಗ ಬರುವ ಬಲ ಅದು.

ಆ ನಾಲೆಯನ್ನೇ ಹಿಡಿದು ನಾನೂ ಮುಂದೆ ಹೋದೆ. ಅವರ ಮಗ ಬೈಕಿನಿಂದ ಬಿದ್ದು ಕೈ ಮುರಿದುಕೊಂಡಾಗ ರಿಪೋರ್ಟಿನಲ್ಲಿ 'ಡಿಸ್ಟಲ್ ರೇಡಿಯಸ್' ಅಂತ ಬರೆದಿತ್ತಂತೆ. ರೇಡಿಯಸ್ ಅಂದರೆ ಮುಂಗೈಯಲ್ಲಿ ಹೆಬ್ಬೆರಳಿನ ಕಡೆಗಿರುವ ಮೂಳೆ. ಡಿಸ್ಟಲ್ ಅಂದರೆ ನಾಲೆಯ ಕೊನೆ ಭಾಗ, ಅದೇ ನೀರು ತಡವಾಗಿ ಮುಟ್ಟುವ ಜಾಗ. ಇಲ್ಲಿ ಮಣಿಕಟ್ಟಿನ ಹತ್ತಿರ. ಮೊಣಕೈ ಕಡೆಯದು ಪ್ರಾಕ್ಸಿಮಲ್, ಡ್ಯಾಮಿನ ಕಡೆ. ಸುಮ್ನೆ ಮೇಲೆ, ಕೆಳಗೆ ಅಂದರೆ ಸಾಲದೇ? ಕೈ ಎತ್ತಿ ನೋಡಿ. ಮಣಿಕಟ್ಟು ಮೇಲೆ ಹೋಯಿತು, ಮೊಣಕೈ ಕೆಳಗಾಯಿತು.

ಈ ಗೊಂದಲ ಬೇಡವೆಂದೇ ವೈದ್ಯರೆಲ್ಲ ಒಂದು ಭಂಗಿ ಒಪ್ಪಿಕೊಂಡಿದ್ದಾರೆ. ನೆಟ್ಟಗೆ ನಿಲ್ಲಿ. ಕೈ ಇಳಿಬಿಡಿ. ಅಂಗೈ ಮುಂದಕ್ಕೆ ತಿರುಗಿಸಿ. ಯಾರೂ ಹೀಗೆ ನಿಲ್ಲುವುದಿಲ್ಲ, ಅಲ್ವಾ? ಈಗ ಹೆಬ್ಬೆರಳು ಹೊರಬದಿಗಿದೆ, ಅದು ಲ್ಯಾಟರಲ್. ಕಿರುಬೆರಳು ಒಳಬದಿಗೆ, ಅದು ಮೀಡಿಯಲ್. ಅಂಗೈಯನ್ನು ಹಿಂದಕ್ಕೆ ತಿರುಗಿಸಿ, ಹೆಬ್ಬೆರಳು ತೊಡೆಗೇ ತಾಗುತ್ತದೆ. ಆಗಲೂ ಅದು ಲ್ಯಾಟರಲ್ಲೇ.

ಆಪರೇಷನ್‌ಗೆ ಮೊದಲು 'ಯಾವ ಮೊಣಕಾಲು?' ಅಂತ ಎರಡೆರಡು ಸಲ ಕೇಳಿದರೆ ಬೇಜಾರಾಗಬೇಡಿ. ಮಾರ್ಕರ್‌ನಿಂದ ಗುರುತು ಹಾಕಿದರೂ ಅಷ್ಟೇ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ ಚೆಕ್‌ಲಿಸ್ಟಿನಲ್ಲಿ ಇವೆರಡೂ ಇವೆ.

ಎಕ್ಸ್‌ರೇಯನ್ನು ಕವರಿಗೆ ಹಾಕುತ್ತಾ ಅವರು ಕೇಳಿದರು, 'ಹಂಗಾದ್ರೆ ಎತ್ತಿಗೆ?' ಒಳ್ಳೆ ಪ್ರಶ್ನೆ. ನಮಗೆ ಹೊಟ್ಟೆ ಮುಂದೆ, ಎತ್ತಿಗೆ ಹೊಟ್ಟೆ ಕೆಳಗೆ. ಅದಕ್ಕೆ ದನದ ಡಾಕ್ಟರು ಮುಂದೆ, ಹಿಂದೆ ಅನ್ನದೆ ತಲೆ ಕಡೆಗೆ ಕ್ರೇನಿಯಲ್, ಬಾಲದ ಕಡೆಗೆ ಕಾಡಲ್ ಅನ್ನುತ್ತಾರೆ ಅಂದೆ.

'ಅದೇ ಸಲೀಸು ಬಿಡ್ರಿ' ಅಂತ ಚಪ್ಪಲಿ ಹಾಕಿಕೊಂಡರು.