ಬಳ್ಳಾರಿಯಿಂದ ಮಂಗಳೂರಿಗೆ: ಬಾಡಿಗೆ ಮನೆ ಹಿಡಿಯುವ ಮುನ್ನ ಗೋಡೆ ನೋಡಿ

ನಮಸ್ಕಾರ. ನೀವು ನೋಡುತ್ತಿರುವುದು ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿರುವ ನಮ್ಮ ಮನೆಯ ಮಾಳಿಗೆ. ಇಲ್ಲಿ ಹರವಿದ ಮೆಣಸಿನಕಾಯಿಯನ್ನು ಕೈಯಲ್ಲಿ ಹಿಡಿದರೆ ಗಲಗಲ ಎನ್ನುತ್ತದೆ, ಒಗೆದು ಹಾಕಿದ ಜೀನ್ಸ್ ಪ್ಯಾಂಟು ಮಧ್ಯಾಹ್ನದ ಊಟ ಮುಗಿಯುವುದರೊಳಗೆ ಒಣಗಿರುತ್ತದೆ. ಕೆಳಗೆ ನನ್ನ ತಮ್ಮ ಮತ್ತು ಅವನ ಹೆಂಡತಿ ಸಾಮಾನು ಕಟ್ಟುತ್ತಿದ್ದಾರೆ. ತಮ್ಮನಿಗೆ ಮಂಗಳೂರಿನಲ್ಲಿ ಕೆಲಸ ಸಿಕ್ಕಿದೆ. ಈ ತಿಂಗಳಲ್ಲೇ ಅಲ್ಲಿ ಮನೆ ಹಿಡಿಯಬೇಕು. ಅದೇ ಊರಿನಲ್ಲಿ ಕೆಲವು ವರ್ಷ ಬಾಡಿಗೆಗಿದ್ದು ಈಚೆಗೆ ಮರಳಿ ಬಂದಿರುವ ನನ್ನನ್ನು ಅವರಿಬ್ಬರೂ ಕೇಳುತ್ತಿರುವುದು ಎರಡೇ ಪ್ರಶ್ನೆ: ಯಾವ ಏರಿಯಾ, ಎಷ್ಟು ಬಾಡಿಗೆ. ನಾನು ಹೇಳುತ್ತಿರುವುದು ಬೇರೆ. ಮೊದಲು ಗೋಡೆ ನೋಡಿ, ಏರಿಯಾ ಆಮೇಲೆ.

ಕಾರಣ ಮಳೆ. ಬಳ್ಳಾರಿಯಲ್ಲಿ ವರ್ಷವಿಡೀ ಬೀಳುವುದು 500 ಮಿಲಿಮೀಟರಿನ ಆಸುಪಾಸು. ಮಂಗಳೂರಿನಲ್ಲಿ ಅದು 3,500 ಮಿಲಿಮೀಟರ್ ದಾಟುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ನಮ್ಮ ಇಡೀ ವರ್ಷದ ಮಳೆಯನ್ನು ಅಲ್ಲಿನ ಜುಲೈ ತಿಂಗಳೊಂದೇ ಮೀರಿಸುತ್ತದೆ. ಆದರೆ ನಮ್ಮ ಕಡೆಯವರು ಮನೆ ಹುಡುಕಲು ಹೋಗುವುದು ಏಪ್ರಿಲ್‌ನಲ್ಲೋ ಮೇ ತಿಂಗಳಲ್ಲೋ. ಆಗ ಗೋಡೆ ಹೊಸ ಬಣ್ಣದಲ್ಲಿ ಹೊಳೆಯುತ್ತಿರುತ್ತದೆ, ಅಂಗಳದಲ್ಲಿ ತೆಂಗಿನ ಮರ ಇರುತ್ತದೆ, ಬಾವಿ ಇರುತ್ತದೆ. ಬಿಸಿಲಿನ ಸೀಮೆಯಿಂದ ಬಂದವರಿಗೆ ಅಷ್ಟು ಹಸಿರು ಕಂಡರೆ ಮಿಕ್ಕದ್ದು ಕಾಣುವುದೇ ಇಲ್ಲ.

ಈಗ ಬರುವ ದೃಶ್ಯಗಳು ಕಳೆದ ಮಳೆಗಾಲದಲ್ಲಿ ಅಲ್ಲಿ ನಾನೇ ಚಿತ್ರಿಸಿಕೊಂಡವು. ಇದು ಅತ್ತಾವರ. ಮಂಗಳೂರು ಸೆಂಟ್ರಲ್ ರೈಲು ನಿಲ್ದಾಣ ಪಕ್ಕದಲ್ಲೇ ಇದೆ, ವೈದ್ಯಕೀಯ ವಿದ್ಯಾರ್ಥಿಗಳು ತುಂಬಿರುವುದರಿಂದ ಚಿಕ್ಕ ಮನೆಗೂ ದೊಡ್ಡ ಬಾಡಿಗೆ ಹೇಳುತ್ತಾರೆ. ಸಂಸಾರಸ್ಥರಿಗೆ ನಾನು ಈ ಏರಿಯಾ ಹೇಳುವುದಿಲ್ಲ. ಇದು ಬಿಜೈ, ಕೆಎಸ್‌ಆರ್‌ಟಿಸಿ ಬಸ್ ನಿಲ್ದಾಣ ಇಲ್ಲೇ ಇರುವುದರಿಂದ ಊರಿಗೆ ಹೋಗಿ ಬರುವವರಿಗೆ ಅನುಕೂಲ. ಮುಂದಿನದು ಉರ್ವ, ಅಶೋಕನಗರದ ಕಡೆ: ಶಾಂತವಾದ ಜಾಗ, ನನಗೆ ಮನಸ್ಸಿಗೆ ಬಂದ ಜಾಗವೂ ಹೌದು. ಸಿಟಿ ಬಸ್ಸುಗಳು ಅಲ್ಲಿ ಬಹುಪಾಲು ಖಾಸಗಿಯವು. ಸ್ಟೇಟ್ ಬ್ಯಾಂಕ್ ಎಂದು ಕೂಗುವ ಬಸ್ ಹತ್ತಿದರೆ ಪೇಟೆಯ ನಡುವಿಗೆ ಇಳಿಸುತ್ತದೆ, ಬಸ್ಸಿಗಾಗಿ ಬಹಳ ಹೊತ್ತು ಕಾಯುವ ಪ್ರಸಂಗ ಕಡಿಮೆ. ಹಾಗಾಗಿ ಕಚೇರಿಯ ಪಕ್ಕದಲ್ಲೇ ಮನೆ ಬೇಕೆಂಬ ಹಟ ಬೇಡ. ಬಸ್ ಹೋಗುವ ರಸ್ತೆಯಲ್ಲಿ, ಎತ್ತರದ ಜಾಗದಲ್ಲಿ ಮನೆ ಸಿಕ್ಕರೆ ಸಾಕು. ಎತ್ತರ ಎಂದು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಆ ಊರು ಏರುತಗ್ಗುಗಳ ಊರು. ಕೊಟ್ಟಾರ ಚೌಕಿ, ಪಂಪ್‌ವೆಲ್ ಸುತ್ತಮುತ್ತ ಜೋರು ಮಳೆಗೆ ರಸ್ತೆಯ ಮೇಲೆ ನೀರು ನಿಲ್ಲುವುದನ್ನು ನೀವೂ ಸುದ್ದಿಯಲ್ಲಿ ನೋಡಿರುತ್ತೀರಿ.

ಸಮುದ್ರ ಕಾಣುವ ಮನೆ ಬೇಕೆನ್ನುವವರಿಗೆ ಬೇಡವೆಂದೇ ಹೇಳುತ್ತೇನೆ. ಉಪ್ಪುಗಾಳಿಗೆ ಕಿಟಕಿಯ ಸರಳು, ಬೈಕಿನ ಸೈಲೆನ್ಸರ್, ಗ್ಯಾಸ್ ಒಲೆಯ ಸ್ಟ್ಯಾಂಡು, ಎಲ್ಲಕ್ಕೂ ತುಕ್ಕು ಹಿಡಿಯುತ್ತದೆ. ಸುರತ್ಕಲ್ಲಿನಲ್ಲೋ ಪಣಂಬೂರಿನಲ್ಲೋ ಕೆಲಸವಿದ್ದವರ ಮಾತು ಬೇರೆ. ಅವರೂ ದಡದಿಂದ ಒಂದಿಷ್ಟು ಒಳಗೆ ಬಂದು ಮನೆ ಹಿಡಿಯುವುದು ಒಳ್ಳೆಯದು.

ಇಲ್ಲಿಂದ ಮುಂದೆ ನಾನು ಬಾಡಿಗೆಗಿದ್ದ ಮನೆ. ದಯವಿಟ್ಟು ಈ ಭಾಗವನ್ನು ಓಡಿಸದೆ ನೋಡಿ. ಬಾಡಿಗೆ 13,000, ಅಡ್ವಾನ್ಸ್ 75,000. ಪರದೆಯ ಮೇಲೆ ಕಾಣುವುದು ಮಲಗುವ ಕೋಣೆಯ ಪಡುವಣ ಗೋಡೆ. ಮುಂಗಾರು ಮಳೆ ಗಾಳಿಯೊಡನೆ ಅರಬ್ಬಿ ಸಮುದ್ರದ ಕಡೆಯಿಂದ ಹೊಡೆಯುವುದರಿಂದ ಪಶ್ಚಿಮಕ್ಕೂ ನೈಋತ್ಯಕ್ಕೂ ಇರುವ ಗೋಡೆಗಳೇ ಹೆಚ್ಚು ನೆನೆಯುತ್ತವೆ. ಅಲ್ಲಿನ ಹಳೆಯ ಮನೆಗಳನ್ನು ಕಟ್ಟಿರುವುದು ಕೆಂಪುಕಲ್ಲಿನಿಂದ. ಆ ಕಲ್ಲಿನ ತುಂಬ ಸಣ್ಣ ರಂಧ್ರಗಳಿದ್ದು ಹೊರಗಿನ ಗಾರೆ ಬಿರುಕು ಬಿಟ್ಟರೆ ನೀರು ಒಳಕ್ಕೆ ಇಳಿಯುತ್ತದೆ. ಜೂನ್ ಕಳೆಯುವುದರೊಳಗೆ ಬಣ್ಣ ಹಪ್ಪಳದಂತೆ ಉಬ್ಬಿತು. ಅದರ ಅಂಚಿನಲ್ಲಿ ಬಿಳಿ ಉಪ್ಪು ಪುಡಿಪುಡಿಯಾಗಿ ನಿಂತಿತು, ಬೆರಳಿನಿಂದ ತಟ್ಟಿದರೆ ಒಳಗಿನ ಗಾರೆಯೂ ಸೇರಿ ಉದುರುತ್ತಿತ್ತು. ಬೀರುವನ್ನು ಗೋಡೆಯಿಂದ ದೂರ ಸರಿಸಿದಾಗ ಅದರ ಹಿಂದೆ ಹಸಿರು ಮಿಶ್ರಿತ ಕಪ್ಪು ಬೂಷ್ಟು ಸೊಂಟದೆತ್ತರಕ್ಕೆ ಏರಿತ್ತು. ಬೀರುವಿನೊಳಗಿದ್ದ ಚರ್ಮದ ಚಪ್ಪಲಿ, ಬೆಲ್ಟು, ಅಂಕಪಟ್ಟಿಗಳ ಫೈಲು, ಎಲ್ಲದರ ಮೇಲೂ ಅದೇ ಬೂಷ್ಟು. ಅಂದೇ ಫೋಟೋ ತೆಗೆದು ಮಾಲೀಕರಿಗೆ ಕಳುಹಿಸಿದೆ. ಮಳೆ ಬಿಡಲಿ, ನೋಡೋಣ ಎಂದರು. ಮಳೆ ಬಿಟ್ಟಿತು, ಅವರು ಬರಲಿಲ್ಲ.

ಮನೆ ಬಿಡುವಾಗ ಅವರು ಅಡ್ವಾನ್ಸಿನಿಂದ 22,000 ರೂಪಾಯಿ ಹಿಡಿದುಕೊಂಡರು, ಬಣ್ಣದ ಖರ್ಚು ಎಂದು. ಒಂದು ತಿಂಗಳ ಬಾಡಿಗೆಯನ್ನು ಬಣ್ಣಕ್ಕೆಂದು ಬಿಡುವುದು ನಮ್ಮ ರಾಜ್ಯದ ಹಲವು ಊರುಗಳಲ್ಲಿರುವ ರೂಢಿ, ಅಷ್ಟಕ್ಕೆ ನಾನು ಸಿದ್ಧಳಿದ್ದೆ. ಉಳಿದ 9,000 ಏಕೆಂದು ಕೇಳಿದರೆ, "ನೀವು ಬಟ್ಟೆ ಒಳಗೆ ಒಣಗಿಸಿದ್ದಲ್ವಾ ಮೇಡಂ, ಹಾಗಾಗಿ ಬೂಸ್ಟು ಬಂದದ್ದು" ಎಂಬ ಉತ್ತರ ಬಂತು. ಜುಲೈ ತಿಂಗಳಲ್ಲಿ ಮಂಗಳೂರಿನಲ್ಲಿ ಬಟ್ಟೆಯನ್ನು ಒಳಗಲ್ಲದೆ ಎಲ್ಲಿ ಒಣಗಿಸಬೇಕು? ಬಳ್ಳಾರಿಯಿಂದ ಒಯ್ದ ಜೀನ್ಸ್ ಪ್ಯಾಂಟು ಫ್ಯಾನಿನ ಕೆಳಗೆ ಎರಡು ದಿನ ತೂಗಿದರೂ ಸೊಂಟದ ಪಟ್ಟಿ ಹಸಿಯಾಗಿಯೇ ಇರುತ್ತಿತ್ತು. ಹೊರಗಿನ ಗಾರೆಯ ಬಿರುಕನ್ನು ಮುಚ್ಚಿಸಬೇಕಾದವರು ಮಾಲೀಕರು. ಬಿರುಕಿನಿಂದ ಬಂದ ನೀರಿಗೆ ದಂಡ ತೆತ್ತವಳು ನಾನು. ಆ ಹಣ ಹೋದ ಸಂಕಟಕ್ಕಿಂತ, ವಾಟ್ಸಾಪಿನಲ್ಲಿ ಕಳುಹಿಸಿದ ಫೋಟೋಗಳನ್ನು ಎದುರಿಗಿಟ್ಟರೂ ಅವರು ನೋಡಲು ಒಪ್ಪಲಿಲ್ಲವಲ್ಲ, ಆ ಸಂಕಟ ಹೆಚ್ಚಿನದು.

ಕಾಯ್ದೆ ಏನು ಹೇಳುತ್ತದೆ ಎಂಬುದನ್ನು ಹೇಳಿಬಿಡುತ್ತೇನೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೆಯ ಕಲಮಿನ ಪ್ರಕಾರ, ಬಾಡಿಗೆದಾರನು ಮನೆಯನ್ನು ತಾನು ಪಡೆದಾಗ ಇದ್ದ ಸ್ಥಿತಿಯಲ್ಲೇ ಹಿಂದಿರುಗಿಸಬೇಕು. ಆದರೆ ಸಹಜ ಬಳಕೆಯಿಂದಾದ ಸವೆತಕ್ಕೂ ತಡೆಯಲಾಗದ ಶಕ್ತಿಗಳಿಂದಾದ ಬದಲಾವಣೆಗೂ ಅವನು ಹೊಣೆಯಲ್ಲ. ಕೇಳಲು ನಮ್ಮ ಪರವಾಗಿಯೇ ಇದೆ. ಆದರೆ ಆ ಕಲಮು ಆರಂಭವಾಗುವುದೇ, ಒಪ್ಪಂದದಲ್ಲಿ ಅಥವಾ ಸ್ಥಳೀಯ ರೂಢಿಯಲ್ಲಿ ಬೇರೆ ರೀತಿ ಇಲ್ಲದಿದ್ದರೆ ಎಂಬ ಷರತ್ತಿನಿಂದ. ಬಣ್ಣದ ಖರ್ಚು ಬಾಡಿಗೆದಾರರದು ಎಂದು ಕರಾರುಪತ್ರದಲ್ಲಿ ಒಂದು ಸಾಲು ಬರೆದು ಸಹಿ ಹಾಕಿಸಿಕೊಂಡರೆ ಈ ರಕ್ಷಣೆ ಅಲ್ಲಿಗೇ ಸಡಿಲವಾಗುತ್ತದೆ. ಕೇಂದ್ರ ಸಚಿವ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯು ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಕೇಳಬಾರದು ಎನ್ನುತ್ತದೆ. ಆದರೆ ಹೆಸರೇ ಹೇಳುವಂತೆ ಅದು ಮಾದರಿ, ಯಾವುದೇ ರಾಜ್ಯ ಅದನ್ನು ತನ್ನ ಕಾಯ್ದೆಯಾಗಿ ತರದೆ ಅಲ್ಲಿ ಜಾರಿಯಾಗುವುದಿಲ್ಲ. ಹೀಗಾಗಿ ಮನೆ ನೋಡಲು ಹೋದಲ್ಲಿ ಆ ಮಾತು ಎತ್ತಿ ಜಗಳ ಆಡುವುದರಿಂದ ಪ್ರಯೋಜನವಿಲ್ಲ. ಕರಾರುಪತ್ರ ಹನ್ನೊಂದು ತಿಂಗಳಿಗೇ ಏಕೆಂದು ತಮ್ಮ ಕೇಳುತ್ತಿದ್ದ. ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ನೋಂದಾಯಿಸಲೇಬೇಕು, ಆ ಖರ್ಚು ಮತ್ತು ಓಡಾಟ ಉಳಿಸಲು ಎಲ್ಲರೂ ಹನ್ನೊಂದಕ್ಕೆ ನಿಲ್ಲಿಸುತ್ತಾರೆ.

ಆದ್ದರಿಂದ ತಮ್ಮನಿಗೆ ನಾನು ಬರೆದುಕೊಟ್ಟಿರುವ ಸಾಲು ಇದು: ಮಳೆನೀರಿನ ಸೋರಿಕೆಯಿಂದ ಅಥವಾ ಗೋಡೆಯ ತೇವದಿಂದ ಬಣ್ಣಕ್ಕೂ ಗಾರೆಗೂ ಆಗುವ ಹಾನಿಯ ದುರಸ್ತಿ ಮಾಲೀಕರ ಹೊಣೆ, ಬಣ್ಣದ ಬಾಬ್ತು ಒಂದು ತಿಂಗಳ ಬಾಡಿಗೆಗಿಂತ ಹೆಚ್ಚಿನ ಕಡಿತವಿಲ್ಲ. ಇಷ್ಟನ್ನು ಸೇರಿಸಲು ಒಪ್ಪದ ಮಾಲೀಕರ ಮನೆ ಎಷ್ಟೇ ಚೆನ್ನಾಗಿದ್ದರೂ ಬಿಟ್ಟು ಬರಲಿ ಎಂದು ಹೇಳಿದ್ದೇನೆ. ಅವನು ಮಾತ್ರ, "ಅಕ್ಕಾ, ಮೊದಲು ಮನೆ ಸಿಗ್ಲಿ ಬಿಡು" ಎನ್ನುತ್ತಾನೆ. ಕೆಲಸಕ್ಕೆ ಸೇರುವ ದಿನ ಹತ್ತಿರ ಬಂದಿರುವವನ ಅವಸರ ನನಗೂ ಅರ್ಥವಾಗುತ್ತದೆ. ಅಷ್ಟು ಕಟ್ಟುನಿಟ್ಟು ಬೇಡವಾದರೆ, ಬೀಗದ ಕೈ ಪಡೆದ ದಿನವೇ ಪ್ರತಿ ಗೋಡೆಯನ್ನೂ ಮಾಲೀಕರ ಎದುರಿನಲ್ಲೇ ವಿಡಿಯೋ ಮಾಡಿ, ಅದನ್ನು ಅವರಿಗೇ ಕಳುಹಿಸಿಡಲಿ.

ಗೋಡೆ ನೋಡುವುದು ಹೇಗೆ? ಬೀರು ಇಡುವ ಮೂಲೆಯ ವಾಸನೆ ನೋಡಿ, ಬೇಸಿಗೆಯಲ್ಲೂ ಹಸಿಮಣ್ಣಿನ ವಾಸನೆ ಬಂದರೆ ಆ ಮನೆ ಬೇಡ. ಪಡುವಣ ಗೋಡೆಗೆ ಮಾತ್ರ ಹೊಸ ಬಣ್ಣ ಹೊಡೆದಿದ್ದರೆ ಏಕೆಂದು ಕೇಳಿ. ಕಿಟಕಿಯ ಮೇಲೆ ಸಜ್ಜಾ ಎಷ್ಟು ಮುಂದಕ್ಕಿದೆ ನೋಡಿ. ಅಂಗೈಯಗಲದ ಸಜ್ಜಾ ಬಳ್ಳಾರಿಗೆ ಸಾಕು, ಅಲ್ಲಿಗೆ ಸಾಲದು. ತಾರಸಿಯ ಮೇಲೆ ಕಬ್ಬಿಣದ ಕಂಬ ನೆಟ್ಟು ತಗಡಿನ ಶೀಟು ಹೊದಿಸಿದ ಮನೆಗಳು ಕಣ್ಣಿಗೆ ಚೆನ್ನಾಗಿ ಕಾಣುವುದಿಲ್ಲ. ಆದರೂ ಅಂಥ ಮನೆಯನ್ನೇ ಹುಡುಕಿ, ತಾರಸಿ ಸೋರುವುದಿಲ್ಲ, ಶೀಟಿನ ಕೆಳಗೆ ಬಟ್ಟೆ ಒಣಗಿಸಬಹುದು. ಇನ್ನು ಹಂಚಿನ ಮನೆ. 1865ರಲ್ಲಿ ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಆ ಊರಿಗೆ ಹೆಸರು ತಂದ ಹಂಚು ಅದು. ಇಳಿಜಾರು ಮಾಡಿನ ಮೇಲೆ ನೀರು ನಿಲ್ಲುವುದಿಲ್ಲ, ಒಳಗೆ ಗಾಳಿಯಾಡುತ್ತದೆ. ಹಂಚಿನ ಮನೆ ಬಾಡಿಗೆಗೆ ಬೇಡ ಎನ್ನುತ್ತಿದ್ದವಳು ನಾನು. ಈಗ ಕೇಳಿದರೆ, ಪ್ರತಿ ವರ್ಷ ಮಳೆಗೆ ಮುಂಚೆ ಹಂಚು ಸರಿಪಡಿಸುವ ಮಾಲೀಕರಿದ್ದರೆ ಕಾಂಕ್ರೀಟು ಮನೆಗಿಂತ ಅದೇ ಮೇಲು ಎನ್ನುತ್ತೇನೆ.

ಅಮ್ಮ ಅಡುಗೆಮನೆಯಿಂದ ಕರೆಯುತ್ತಿದ್ದಾರೆ, ಕೆಳಗೆ ಹೋಗೋಣ. ಜೋಳದ ಹಿಟ್ಟಿನ ಡಬ್ಬಿ ಎಷ್ಟು ದೊಡ್ಡದಿದೆ ನೋಡಿ. "ಹತ್ತು ಕೆಜಿ ಬೀಸ್ಸಿ ಇಟ್ಟೀನಿ ಕಣವ್ವ, ಅಲ್ಲಿ ಎಲ್ಲಿ ಹುಡುಕ್ತಾರೆ ಪಾಪ" ಎಂಬುದು ಅಮ್ಮನ ವಾದ. ಅಷ್ಟು ಹಿಟ್ಟು ಅಲ್ಲಿನ ತೇವಕ್ಕೆ ಗಂಟು ಕಟ್ಟಿ ಹುಳು ಬೀಳುತ್ತದೆ. ತಿಂಗಳಿಗಾಗುವಷ್ಟು ಕೊಟ್ಟು, ಮುಗಿದ ಮೇಲೆ ಬಸ್ಸಿಗೆ ಹಾಕಿ ಕಳುಹಿಸುವುದು ಸರಿ. ಶೇಂಗಾ ಚಟ್ನಿಪುಡಿಗೆ ಬಿಗಿ ಮುಚ್ಚಳದ ಗಾಜಿನ ಬಾಟಲಿ ಬೇಕು. ಒಣ ರೊಟ್ಟಿಯನ್ನು ಮಾತ್ರ ಒಯ್ಯಬೇಡಿ, ಗಾಳಿಗಿಟ್ಟ ಸ್ವಲ್ಪ ಹೊತ್ತಿಗೇ ಮೆತ್ತಗಾಗಿ ಚಕ್ಕಳದ ಹಾಗಾಗುತ್ತದೆ. ಅಂಕಪಟ್ಟಿ, ಪಾಸ್‌ಬುಕ್ಕುಗಳ ಮೂಲಪ್ರತಿಗಳನ್ನು ಬಳ್ಳಾರಿಯಲ್ಲೇ ಬಿಡುವುದು ಕ್ಷೇಮ.

ನೀರಿನ ವಿಷಯ ಎರಡು ಮಾತಿನಲ್ಲಿ. ಮಂಗಳೂರಿಗೆ ಕುಡಿಯುವ ನೀರು ಬರುವುದು ನೇತ್ರಾವತಿಗೆ ತುಂಬೆಯಲ್ಲಿ ಕಟ್ಟಿರುವ ಅಣೆಕಟ್ಟೆಯಿಂದ. ಇಷ್ಟು ಮಳೆಯ ಊರಾದರೂ ಕೆಲವು ಬೇಸಿಗೆಗಳಲ್ಲಿ ಸರದಿಯ ಮೇಲೆ ನೀರು ಬಿಟ್ಟದ್ದುಂಟು, 2019ರಲ್ಲೂ ಹಾಗಾಯಿತು. ಕಾಂಪೌಂಡಿನಲ್ಲಿ ಬಾವಿಯಿದ್ದು ಅದು ಮೇ ತಿಂಗಳಲ್ಲೂ ಬತ್ತುವುದಿಲ್ಲವೆಂದು ಅಕ್ಕಪಕ್ಕದವರು ಹೇಳಿದರೆ, ಬಾಡಿಗೆ 500 ರೂಪಾಯಿ ಹೆಚ್ಚಾದರೂ ಆ ಮನೆ ಹಿಡಿಯಬಹುದು. ನೀರು ಬರುವ ದಿನ ಕಾದು ಸಂಪು ತುಂಬಿಸಿಕೊಳ್ಳುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೊನೆಯದಾಗಿ ಕರೆಂಟು. ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತದೆ, ಆದರೆ ಆಧಾರ್ ಹಳೆಯ ಮನೆಯ ಮೀಟರಿಗೆ ಜೋಡಣೆಯಾಗಿದ್ದರೆ ಮೊದಲು ಸೇವಾಸಿಂಧು ಪೋರ್ಟಲಿನಲ್ಲಿ ಅದನ್ನು ಬಿಡಿಸಿಕೊಳ್ಳಬೇಕು. ಆ ಸೌಲಭ್ಯ 2024ರಲ್ಲಿ ಬಂದಿದೆ. ಇಲ್ಲಿನ ಜೆಸ್ಕಾಂ ಬಿಟ್ಟು ಅಲ್ಲಿನ ಮೆಸ್ಕಾಂಗೆ ಹೋಗುವ ತಮ್ಮ ಇಂದು ರಾತ್ರಿಯೇ ಆ ಕೆಲಸ ಮುಗಿಸಲಿದ್ದಾನೆ. ಅಲ್ಲಿ ಹಿಂದೆ ಇದ್ದ ಬಾಡಿಗೆದಾರರು ತಮ್ಮ ಆಧಾರ್ ಬಿಡಿಸಿಕೊಂಡಿದ್ದಾರೆಯೇ ಎಂಬುದನ್ನೂ ಅಡ್ವಾನ್ಸ್ ಕೊಡುವ ಮುಂಚೆಯೇ ಮಾಲೀಕರನ್ನು ಕೇಳಿ. ಮಂಗಳೂರಿನಲ್ಲಿ ಈಗ ಬಾಡಿಗೆಗಿರುವ ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳದವರು, ನಿಮ್ಮ ಏರಿಯಾ ಯಾವುದು, ಮನೆ ಬಿಡುವಾಗ ಬಣ್ಣಕ್ಕೆಂದು ಎಷ್ಟು ಹಿಡಿದುಕೊಂಡರು ಎಂಬುದನ್ನು ಕೆಳಗೆ ಬರೆಯಿರಿ. ನಾಡಿದ್ದು ಮನೆ ನೋಡಲು ಹೊರಡುವ ಮುಂಚೆ ತಮ್ಮನೂ ನಾನೂ ಎಲ್ಲವನ್ನೂ ಓದುತ್ತೇವೆ.